ಮತ್ಸುಯೆಯ ಇಂಗ್ಲಿಷ್ ಮೇಷ್ಟ್ರು



‘ಸುನಾಮಿ’ ಎಂಬ ಮಾತು ಈಗ ನಿಮಗೆಲ್ಲ ಗೊತ್ತು. ಆದರೆ 2004ರ ಡಿಸೆಂಬರ್ 26ಕ್ಕೆ ಮೊದಲು ನಮ್ಮಲ್ಲಿ ಬಹಳ ಮಂದಿ ಅದನ್ನು ಕೇಳಿಯೇ ಇರಲಿಲ್ಲ. ಬಿ.ಎಸ್ಸಿ. ಓದಿದ್ದ ನಾನೂ ಅದನ್ನು ಪಠ್ಯಪುಸ್ತಕದಲ್ಲಿ ಒಮ್ಮೆ ನೋಡಿ ಮರೆತಿದ್ದೆ. ಜಪಾನಿ ಭಾಷೆಯಲ್ಲಿ ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಈ ಪದವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಮೊದಲಿಗರಲ್ಲಿ ಒಬ್ಬರು ಭೂಗರ್ಭ ವಿಜ್ಞಾನಿಯಲ್ಲ, ಒಬ್ಬ ಇಂಗ್ಲಿಷ್ ಮೇಷ್ಟ್ರು. ಅವರ ಹೆಸರು ಲಾಫ್ಕಾಡಿಯೊ ಹರ್ನ್.

ಹರ್ನ್ ಹುಟ್ಟಿದ್ದು 1850ರಲ್ಲಿ, ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ. ತಾಯಿ ಗ್ರೀಕಳು, ತಂದೆ ಐರ್ಲೆಂಡಿನವನು. ಚಿಕ್ಕಂದಿನಲ್ಲೇ ತಂದೆತಾಯಿ ದೂರವಾಗಿ, ಹುಡುಗ ಡಬ್ಲಿನ್ನಿನ ಅಜ್ಜಿಯೊಬ್ಬರ ಆಶ್ರಯದಲ್ಲಿ ಬೆಳೆದ. ಶಾಲೆಯಲ್ಲಿ ಆಡುವಾಗ ಪೆಟ್ಟುಬಿದ್ದು ಎಡಗಣ್ಣು ಹೋಯಿತು. ಉಳಿದ ಕಣ್ಣಿಗೂ ದೂರದ್ದು ಕಾಣುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅಮೆರಿಕಕ್ಕೆ ಹೋಗಿ ಪತ್ರಕರ್ತರಾದರು. 1890ರಲ್ಲಿ ಒಂದು ಪತ್ರಿಕೆಗೆ ಬರೆಯಲೆಂದು ಜಪಾನಿಗೆ ಬಂದಿಳಿದವರು, ಆ ಪತ್ರಿಕೆಯೊಡನೆ ಜಗಳವಾಡಿಕೊಂಡು ಕೆಲಸ ಬಿಟ್ಟರು. ಕೈಯಲ್ಲಿ ಕಾಸಿಲ್ಲ, ಊರು ಪರಿಚಯವಿಲ್ಲ. ಸಿಕ್ಕ ಕೆಲಸ ಮತ್ಸುಯೆ ಎಂಬ ಪುಟ್ಟ ಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳುವುದು.

ಆ ಊರಿನ ಜನ ಅವರನ್ನು ‘ಹೆರುನ್-ಸಾನ್’ ಎಂದು ಕರೆದರು. ನಮ್ಮ ನಾಲಿಗೆಗೆ ಒಗ್ಗದ ಹೆಸರುಗಳನ್ನು ನಾವೂ ತಿದ್ದಿಕೊಳ್ಳುವುದಿಲ್ಲವೇ, ಹಾಗೆ.

ಅವರ ತರಗತಿಯ ವಿವರಗಳನ್ನು ಅವರೇ ಬರೆದಿಟ್ಟಿದ್ದಾರೆ. ಹುಡುಗರಿಗೆ ಸೊಳ್ಳೆಯ ಮೇಲೆ, ಹೂವಿನ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕೊಡುತ್ತಿದ್ದರು. ಫುಜಿ ಪರ್ವತವನ್ನು ಆಕಾಶದಲ್ಲಿ ತಲೆಕೆಳಗಾಗಿ ತೂಗುವ ಅರೆತೆರೆದ ಬಿಳಿ ಬೀಸಣಿಗೆಗೆ ಹೋಲಿಸುವುದು ಆ ಹುಡುಗರಿಗೆ ಸಹಜವಾಗಿತ್ತು. ಮೊದಲು ಮೇಷ್ಟ್ರಿಗೆ ಇದು ದೊಡ್ಡ ಪ್ರತಿಭೆಯೆನಿಸಿತು. ಆಮೇಲೆ ತಿಳಿಯಿತು, ಇದು ಅಲ್ಲಿ ತಲೆತಲಾಂತರದಿಂದ ಬಂದ ಹೋಲಿಕೆ. ನಮ್ಮ ಪ್ರಬಂಧಗಳಲ್ಲಿ ಮುಖಕ್ಕೆ ಕಮಲ ಬರುವಂತೆ! ಬೇರೆ ಮೇಷ್ಟ್ರಾಗಿದ್ದರೆ ‘ಸ್ವಂತ ಬುದ್ಧಿಯಿಲ್ಲ’ ಎಂದು ಅಂಕ ಕತ್ತರಿಸುತ್ತಿದ್ದರೇನೋ. ಹರ್ನ್ ಹಾಗೆ ಮಾಡದೆ, ಈ ಮಕ್ಕಳ ಮನಸ್ಸನ್ನು ರೂಪಿಸಿದ ಸಾಹಿತ್ಯ ಯಾವುದು ಎಂದು ಹುಡುಕಲು ಹೊರಟರು. ಪಾಠ ಹೇಳಲು ಬಂದವರು ತಾವೇ ವಿದ್ಯಾರ್ಥಿಯಾದರು.

ಅವರಿಗೆ ನಿಜವಾದ ಗುರು ಸಿಕ್ಕಿದ್ದು ಮಾತ್ರ ಮನೆಯಲ್ಲಿ. 1891ರಲ್ಲಿ ಅವರ ಬಾಳಿಗೆ ಬಂದ ಕೊಯಿಜುಮಿ ಸೆತ್ಸು ಬಡತನಕ್ಕೆ ಬಿದ್ದ ಸಮುರಾಯ್ ಮನೆತನದ ಮಗಳು. ಆಕೆಗೆ ಇಂಗ್ಲಿಷ್ ಬಾರದು; ಈತನಿಗೆ ಜಪಾನಿ ಪುಸ್ತಕ ಓದಲು ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ಹಾಗಾದರೆ ಸಂಸಾರ ನಡೆದದ್ದು ಹೇಗೆ? ವಿಭಕ್ತಿ ಪ್ರತ್ಯಯಗಳ ಗೊಡವೆಯಿಲ್ಲದ, ಕ್ರಿಯಾಪದ ತಮಗೆ ಬೇಕಾದಂತೆ ಬಳಸುವ, ಆ ಮನೆಯವರಿಗಷ್ಟೇ ಅರ್ಥವಾಗುವ ಒಂದು ಜಪಾನಿಯಲ್ಲಿ. ಅದಕ್ಕೆ ‘ಹರ್ನ್ ಮಾತು’ ಎಂದೇ ಹೆಸರಾಯಿತು. ಸೆತ್ಸು ಹಳೆಯ ದೆವ್ವದ ಕಥೆಗಳನ್ನು ಓದಿಕೊಂಡು ಬಂದು, ರಾತ್ರಿ ದೀಪ ಸಣ್ಣದು ಮಾಡಿ ಹೇಳಬೇಕು. ಪುಸ್ತಕ ನೋಡಿ ಹೇಳಕೂಡದು, ನಿನ್ನ ಮಾತಿನಲ್ಲೇ ಹೇಳು ಎಂಬುದು ಗಂಡನ ಹಟ. ಹೀಗೆ ಕೇಳಿದ ಕಥೆಗಳೇ 1904ರ ‘ಕ್ವೈದಾನ್’ ಪುಸ್ತಕವಾಗಿ ಲೋಕಕ್ಕೆಲ್ಲ ಹಬ್ಬಿದವು. ಮುಖಪುಟದಲ್ಲಿ ಗಂಡನ ಹೆಸರು ಮಾತ್ರ ಇದೆ. ನನ್ನನ್ನು ಕೇಳಿದರೆ ಅರ್ಧ ಪಾಲು ಸೆತ್ಸುವಿನದು. 2025ರಲ್ಲಿ ಜಪಾನಿನ ಎನ್‌ಎಚ್‌ಕೆ ಆಕೆಯನ್ನೇ ನಾಯಕಿಯಾಗಿಟ್ಟುಕೊಂಡು ‘ಬಕೆಬಕೆ’ ಎಂಬ ದೈನಿಕ ಧಾರಾವಾಹಿ ಆರಂಭಿಸಿದಾಗ, ನಮ್ಮ ಕಸುಬಿನವರು ಒಂದು ಸಾಲ ತೀರಿಸಿದರು ಎನಿಸಿತು.

ಇನ್ನು ಸುನಾಮಿಯ ವಿಷಯಕ್ಕೆ ಬರೋಣ. 1896ರಲ್ಲಿ ಹರ್ನ್ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಕುಮೊ ಎಂದು ಹೆಸರಿಟ್ಟುಕೊಂಡರು. ತಮ್ಮ ನಂತರ ಹೆಂಡತಿ ಮಕ್ಕಳ ಆಸ್ತಿಗೆ ತೊಡಕಾಗಬಾರದು ಎಂಬುದು ಮುಖ್ಯ ಕಾರಣ. ಅದೇ ವರ್ಷ ಜೂನ್ 15ರಂದು ಸನ್ರಿಕು ಕರಾವಳಿಗೆ ಸಮುದ್ರ ನುಗ್ಗಿ ಸುಮಾರು 22,000 ಜನ ಸತ್ತರು. ಆ ಸುದ್ದಿಯ ಹಿನ್ನೆಲೆಯಲ್ಲಿ ಹರ್ನ್ 1897ರಲ್ಲಿ ಒಂದು ಕಥೆ ಪ್ರಕಟಿಸಿದರು. ಗುಡ್ಡದ ಮೇಲಿನ ಮನೆಯ ಮುದುಕ ಹಮಗುಚಿ, ಭೂಮಿ ಸ್ವಲ್ಪ ನಡುಗಿ ಸಮುದ್ರ ಹಿಂದಕ್ಕೆ ಸರಿಯುವುದನ್ನು ಕಾಣುತ್ತಾನೆ. ಕೂಗಿ ಹೇಳಲು ಸಮಯವಿಲ್ಲ. ವರ್ಷದ ದುಡಿಮೆಯೆಲ್ಲ ಬಣವೆಯಾಗಿ ನಿಂತಿದೆ. ಅದಕ್ಕೇ ಬೆಂಕಿ ಹಚ್ಚುತ್ತಾನೆ. ಆರಿಸಲೆಂದು ಊರಿಗೆ ಊರೇ ಗುಡ್ಡ ಹತ್ತಿ ಬಂದು ಬದುಕಿಕೊಳ್ಳುತ್ತದೆ.

ನಡೆದದ್ದು ಸ್ವಲ್ಪ ಬೇರೆ. 1854ರ ಡಿಸೆಂಬರಿನಲ್ಲಿ, ಈಗಿನ ವಕಾಯಾಮಾ ಪ್ರಾಂತದ ಹಿರೊ ಎಂಬ ಹಳ್ಳಿಯಲ್ಲಿ. ಹಮಗುಚಿ ಗೊರ್ಯೊ ಮುದುಕರಲ್ಲ, ಮೂವತ್ತರ ಪ್ರಾಯದವರು; ಸೋಯಾ ಸಾಸ್ ತಯಾರಿಸುವ ಮನೆತನದವರು. ಅಲೆ ಆಗಲೇ ಬಂದಿತ್ತು. ಕತ್ತಲಲ್ಲಿ ದಾರಿ ಕಾಣದವರಿಗೆ ಎತ್ತರದ ಜಾಗ ತೋರಿಸಲೆಂದು ಅವರು ಹುಲ್ಲಿನ ಬಣವೆಗಳಿಗೆ ಬೆಂಕಿಯಿಟ್ಟರು. ಅದಕ್ಕಿಂತ ದೊಡ್ಡ ಕೆಲಸ ಆಮೇಲಿನದು. ಮನೆಮಾರು ಕಳೆದುಕೊಂಡ ಜನರಿಗೆ ಕೂಲಿ ಕೊಟ್ಟು, ಸ್ವಂತ ಹಣದಿಂದ, ಸುಮಾರು 600 ಮೀಟರ್ ಉದ್ದ, 5 ಮೀಟರ್ ಎತ್ತರದ ಒಡ್ಡು ಕಟ್ಟಿಸಿದರು. 1946ರ ಸುನಾಮಿಯಲ್ಲಿ ಊರಿನ ಬಹುಭಾಗವನ್ನು ಕಾಯ್ದದ್ದು ಆ ಒಡ್ಡು. ಹರ್ನ್ ಕಥೆಯಲ್ಲಿ ಒಡ್ಡು ಇಲ್ಲ. ಬೆಂಕಿ ಇದೆ. ಕಥೆಗಾರನಿಗೆ ಬೆಂಕಿಯೇ ಬೇಕು. ಕ್ಯಾಮೆರಾ ಹಿಡಿಯುವ ನಮಗೂ ಅದೇ ಬೇಕು, ಸುಳ್ಳೇಕೆ ಹೇಳಲಿ.

ಹಮಗುಚಿಯ ಸೀಮೆಯವರೇ ಆದ ಒಬ್ಬ ಶಾಲಾ ಮಾಸ್ತರರು ಹರ್ನ್ ಬರೆದ ಇಂಗ್ಲಿಷ್ ಕಥೆಯನ್ನು ಓದಿ, ಅದನ್ನು ಜಪಾನಿ ಮಕ್ಕಳಿಗೆ ತಕ್ಕಂತೆ ಮತ್ತೆ ಬರೆದರು. 1937ರಿಂದ 1947ರವರೆಗೆ ಅದು ಪಠ್ಯಪುಸ್ತಕದ ಪಾಠವಾಗಿತ್ತು. ಜಪಾನಿನ ಘಟನೆ ಇಂಗ್ಲಿಷಿಗೆ ಹೋಗಿ, ಇಂಗ್ಲಿಷಿನಿಂದ ತಿರುಗಿ ಜಪಾನಿನ ತರಗತಿಗೇ ಬಂತು! 2015ರಲ್ಲಿ ವಿಶ್ವಸಂಸ್ಥೆ ನವೆಂಬರ್ 5ನ್ನು ಸುನಾಮಿ ಜಾಗೃತಿ ದಿನವೆಂದು ಸಾರಿತು. ಹಳೆಯ ಜಪಾನಿ ಪಂಚಾಂಗದಂತೆ ಆ ಬೆಂಕಿಯ ದಿನ ಹನ್ನೊಂದನೆಯ ತಿಂಗಳ ಐದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಥೆ ಕೇಳಿದವರು ‘ಸಮುದ್ರ ಹಿಂದೆ ಸರಿದರೆ ಓಡಬೇಕು’ ಎಂದು ಕಲಿಯುತ್ತಾರೆ. ಅದು ಸರಿಯೇ. ಆದರೆ ಸರಿಯುವವರೆಗೆ ಕಾಯಬಾರದು. ಸಮುದ್ರತಳ ಎಲ್ಲಿ ಮೇಲೆದ್ದಿತು, ಎಲ್ಲಿ ಕುಸಿಯಿತು ಎಂಬುದರ ಮೇಲೆ ಮೊದಲು ಬರುವುದು ತಗ್ಗೋ ಉಬ್ಬೋ ಎಂಬುದು ನಿರ್ಧಾರವಾಗುತ್ತದೆ. 2004ರಲ್ಲಿ ಥಾಯ್ಲೆಂಡಿನ ಕಡೆಗೆ ತಗ್ಗು ಮೊದಲು ಹೋಯಿತು, ಅಲ್ಲಿ ನೀರು ಹಿಂದೆ ಸರಿಯಿತು. ಪಶ್ಚಿಮಕ್ಕೆ, ಅಂದರೆ ನಮ್ಮ ಪೂರ್ವ ಕರಾವಳಿ ಮತ್ತು ಶ್ರೀಲಂಕಾದ ಕಡೆಗೆ, ಮೊದಲು ಹೊರಟದ್ದು ಉಬ್ಬು. ದಡದಲ್ಲಿ ನಿಂತಾಗ ನೆಲ ಜೋರಾಗಿ ಅಥವಾ ಬಹಳ ಹೊತ್ತು ನಡುಗಿತೆಂದರೆ ಸಾಕು, ಎತ್ತರಕ್ಕೆ ನಡೆಯಿರಿ. ದೂರದಲ್ಲೆಲ್ಲೋ ನಡುಗಿ ನಿಮಗೆ ತಿಳಿಯದೇ ಇರಬಹುದು. ಆಗ ಅಧಿಕೃತ ಎಚ್ಚರಿಕೆ ಬಂದೊಡನೆ ಹೊರಡಿ.

ಹರ್ನ್ ಕಂಡದ್ದೆಲ್ಲ ಸತ್ಯವೆಂದು ನಾನು ಹೇಳಲಾರೆ. ಹಳೆಯ ಜಪಾನಿನ ಮೇಲೆ ಅವರಿಗೆ ಅತಿಮೋಹ. ರೈಲು, ಕಾರ್ಖಾನೆಗಳ ಹೊಸ ಜಪಾನನ್ನು ಅವರು ಒಲ್ಲದ ಮನಸ್ಸಿನಿಂದಲೇ ನೋಡಿದರು. ಮುಂದೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1903ರಲ್ಲಿ ಆ ಕೆಲಸ ಕಳೆದುಕೊಂಡಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅವರ ಜಾಗಕ್ಕೆ ಬಂದವರಲ್ಲಿ ಒಬ್ಬರು, ಲಂಡನ್ನಿನಲ್ಲಿ ಒಂಟಿಯಾಗಿ ಓದಿ ನೊಂದು ಮರಳಿದ್ದ ನತ್ಸುಮೆ ಸೊಸೆಕಿ. ಆಗ ಅವರು ಕಾದಂಬರಿಕಾರರಾಗಿರಲಿಲ್ಲ. ಒಬ್ಬ ಪಶ್ಚಿಮದಿಂದ ಬಂದವನು, ಇನ್ನೊಬ್ಬ ಪಶ್ಚಿಮವನ್ನು ಕಂಡು ಬಂದವನು. ಅವರ ಕಥೆ ಇನ್ನೊಂದು ದಿನಕ್ಕಿರಲಿ.

1904ರ ಸೆಪ್ಟೆಂಬರ್ 26ರಂದು ಹರ್ನ್ ತೀರಿಕೊಂಡರು. ಅವರು ಒಕ್ಕಣ್ಣಿಗೆ ಕಾಗದ ಹತ್ತಿರವಾಗಲೆಂದು ಮಾಡಿಸಿಕೊಂಡಿದ್ದ ಎತ್ತರದ ಮೇಜಿನ ಮಾತನ್ನು ಎಲ್ಲರೂ ಆಡುತ್ತಾರೆ. ನನಗೆ ಹೆಚ್ಚು ಪ್ರಿಯವಾದದ್ದು ಸೆತ್ಸುವಿನ ಒಂದು ಟಿಪ್ಪಣಿ ಪುಸ್ತಕ. ಗಂಡ ಹೇಳಿಕೊಟ್ಟ ಇಂಗ್ಲಿಷ್ ಪದಗಳನ್ನು ತನ್ನ ಕಿವಿಗೆ ಕೇಳಿಸಿದ ಹಾಗೆಯೇ ಜಪಾನಿ ಅಕ್ಷರಗಳಲ್ಲಿ ಆಕೆ ಅದರಲ್ಲಿ ಬರೆದುಕೊಂಡಿದ್ದಾರೆ.