ಓಲ್ಡ್ ಟ್ರಾಫರ್ಡ್ ಮೇಲೆ ಹಾರಿದ ಸಿಟ್ಟು

2014ರ ಮಾರ್ಚ್ 25. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಫುಟ್‌ಬಾಲ್ ಪಂದ್ಯ ಶುರುವಾಗಿ ನಿಮಿಷ ತುಂಬುವ ಮೊದಲೇ ಮ್ಯಾಂಚೆಸ್ಟರ್ ಸಿಟಿಯ ಎಡಿನ್ ಜೆಕೊ ಗೋಲು ಹೊಡೆದರು. ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ 0–3ರಿಂದ ಸೋತಿತು. ಅದೂ ತವರಿನಂಗಳದಲ್ಲಿ, ಅದೂ ತಮ್ಮೂರಿನದೇ ಎದುರಾಳಿಗೆ.

ಅಭಿಮಾನಿಗಳ ಕೋಪವೆಲ್ಲ ಮ್ಯಾನೇಜರ್ ಡೇವಿಡ್ ಮೋಯ್ಸ್ ಮೇಲೆ. ಹಿಂದಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಆರಿಸಿದ ಉತ್ತರಾಧಿಕಾರಿ ಅವರು. 'ಆಯ್ಕೆಯಾದವನು' ಎಂದು ಗ್ಯಾಲರಿಯಲ್ಲಿ ಅವರ ಚಿತ್ರದ ಬ್ಯಾನರ್ ಕಟ್ಟಿದವರೂ ಅಭಿಮಾನಿಗಳೇ. ಸಿಟಿಗೆ ಸೋತ ರಾತ್ರಿ ಅದನ್ನು ಯಾರೂ ಕೀಳದಂತೆ ಸಿಬ್ಬಂದಿ ಕಾವಲು ನಿಲ್ಲಬೇಕಾಯಿತು.

ನಾಲ್ಕೇ ದಿನಕ್ಕೆ, ಆಸ್ಟನ್ ವಿಲ್ಲಾ ಪಂದ್ಯದ ಹೊತ್ತಿಗೆ, ಕೆಲವರು ಹಣ ಕೂಡಿಸಿ ಬಾಡಿಗೆ ವಿಮಾನ ಹಾರಿಸಿದರು. ಮೋಯ್ಸ್ ತೊಲಗಲಿ ಎಂಬ ಬರಹ ಅದರ ಬಾಲದಲ್ಲಿ. ಕೆಳಗಿದ್ದ ಬಹಳಷ್ಟು ಮಂದಿ ವಿಮಾನವನ್ನೇ ಮೂದಲಿಸಿ, ಮೋಯ್ಸ್‌ಗೆ ಚಪ್ಪಾಳೆ ತಟ್ಟಿದರು. ಸೋಲಿನ ನೋವು ಅವರಿಗೂ ಇತ್ತು. ಆದರೂ ತಮ್ಮವನನ್ನು ಊರೆದುರು ಅವಮಾನಿಸಲು ಒಪ್ಪಲಿಲ್ಲವಲ್ಲ, ಅದು ದೊಡ್ಡತನ. ಅಂದು ಯುನೈಟೆಡ್ 4–1ರಿಂದ ಗೆದ್ದಿತು.

ಏಪ್ರಿಲ್ 22ರಂದು ಕ್ಲಬ್ ಮೋಯ್ಸ್‌ರನ್ನು ವಜಾ ಮಾಡಿತು. ಆರು ವರ್ಷದ ಒಪ್ಪಂದದಲ್ಲಿ ಒಂದು ವರ್ಷವೂ ತುಂಬಿರಲಿಲ್ಲ.