ಇಲಿಯ ಪ್ರಮಾಣ, ಮನುಷ್ಯನ ಲೆಕ್ಕ



ಕೀಟನಾಶಕದ ವಿಚಾರ ಬಂದಾಗಲೆಲ್ಲ ‘ಇಲಿಗಳ ಮೇಲೆ ಪರೀಕ್ಷಿಸಲಾಗಿದೆ, ಭಯವಿಲ್ಲ’ ಎಂಬ ಮಾತು ಕಿವಿಗೆ ಬೀಳುತ್ತದೆ. ಇಲಿಗೆ ಕೊಟ್ಟ ಪ್ರಮಾಣವನ್ನು ಮನುಷ್ಯನಿಗೆ ಅನ್ವಯಿಸುವ ಬಗೆಯನ್ನು ಅರಿಯದೆ ಈ ಮಾತನ್ನು ಒಪ್ಪುವುದೂ ಸಲ್ಲದು, ತಳ್ಳಿಹಾಕುವುದೂ ಸಲ್ಲದು.

ನಮಗೆ ಹತ್ತಿರದ ಉದಾಹರಣೆ ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಪುಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸುರಿಸಲಾದ ವಿಷವಿದು. ದಕ್ಷಿಣ ಕನ್ನಡದ ತೋಪುಗಳೂ ಇದರಿಂದ ಪಾರಾಗಲಿಲ್ಲ. ಇಲಿಗಳಿಗೆ ಎರಡು ವರ್ಷ ಆಹಾರದಲ್ಲಿ ಬೆರೆಸಿ ಕೊಟ್ಟ ಅಧ್ಯಯನದಲ್ಲಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.6 ಮಿಲಿಗ್ರಾಂ ಪ್ರಮಾಣದಲ್ಲಿ ದುಷ್ಪರಿಣಾಮ ಕಂಡುಬರಲಿಲ್ಲ.

ಇದನ್ನು ನೇರವಾಗಿ ಗುಣಿಸಿದರೆ 60 ಕಿಲೋ ತೂಕದ ವ್ಯಕ್ತಿಗೆ 36 ಮಿಲಿಗ್ರಾಂ ಆಗುತ್ತದೆ. ಈ ಲೆಕ್ಕ ಸರಿಯಲ್ಲ. ಸಣ್ಣ ಪ್ರಾಣಿಯ ಜೀವಕ್ರಿಯೆ ವೇಗವಾದುದು. ಅದು ಸಾಮಾನ್ಯವಾಗಿ ವಿಷವನ್ನೂ ಬೇಗ ಹೊರಹಾಕುತ್ತದೆ. ಆದ್ದರಿಂದ ಔಷಧಶಾಸ್ತ್ರದಲ್ಲಿ ದೇಹದ ಹೊರಮೈ ವಿಸ್ತೀರ್ಣವನ್ನು ಆಧರಿಸಿ ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸುತ್ತಾರೆ. ಆಗ 36 ಇದ್ದದ್ದು 6ಕ್ಕಿಂತ ಕೆಳಗಿಳಿಯುತ್ತದೆ.

ಕೀಟನಾಶಕಗಳಿಗೆ ಇನ್ನೂ ಬಿಗಿಯಾದ ಕ್ರಮವಿದೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಮತ್ತೆ ಹತ್ತು; ಹೀಗೆ ಮೂಲ ಪ್ರಮಾಣವನ್ನು ನೂರರಿಂದ ಭಾಗಿಸುವುದು ವಾಡಿಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಭೆಯು 1998ರಲ್ಲಿ ಹೀಗೆಯೇ ಪ್ರತಿ ಕಿಲೋಗೆ 0.006 ಮಿಲಿಗ್ರಾಂ ಎಂಬ ದಿನದ ಮಿತಿಯನ್ನು ಗೊತ್ತುಪಡಿಸಿತು. ಅಂದರೆ 60 ಕಿಲೋ ತೂಕದವರಿಗೆ 0.36 ಮಿಲಿಗ್ರಾಂ, 10 ಕಿಲೋ ತೂಕದ ಮಗುವಿಗೆ ಕೇವಲ 0.06. ಆ 36 ಎಲ್ಲಿ, ಈ 0.06 ಎಲ್ಲಿ!

ಇನ್ನೊಂದು ಎಚ್ಚರಿಕೆ. ಈ ಮಿತಿ ಒಂದೇ ವಿಷಕ್ಕೆ, ಬಾಯಿಯ ಮೂಲಕ ಬರುವುದಕ್ಕೆ ಕಟ್ಟಿದ್ದು. ತೋಪಿನ ತಗ್ಗಿನಲ್ಲಿ ಬದುಕುವವರಿಗೆ ವಿಷವು ಅನ್ನದೊಡನೆ ಮಾತ್ರವಲ್ಲ, ಉಸಿರಿನಲ್ಲಿ, ಚರ್ಮದ ಮೂಲಕ, ತೆರೆದ ಬಾವಿ ಮತ್ತು ಸುರಂಗದ ನೀರಿನಲ್ಲಿಯೂ ಬರಬಲ್ಲುದು. ಆಹಾರದ ಪಾಲೊಂದನ್ನೇ ಅಳೆದು ‘ಮಿತಿಯೊಳಗಿದೆ’ ಎಂದರೆ ಅರ್ಧ ಲೆಕ್ಕವಾಯಿತು.

2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯಿತು. ಆದರೆ ಬೇರೆ ಡಬ್ಬಿಗಳು ನಮ್ಮ ತೋಟಗಳಿಗೆ ಬರುತ್ತಲೇ ಇವೆ. ಮುಂದೆ ಯಾರಾದರೂ ‘ಪರೀಕ್ಷಿಸಲಾಗಿದೆ’ ಎಂದರೆ ನಾಲ್ಕು ಪ್ರಶ್ನೆ ಕೇಳಿರಿ: ಯಾವ ಪ್ರಾಣಿಯ ಮೇಲೆ? ಎಷ್ಟು ಕಾಲ? ಯಾವ ಮಾರ್ಗದಿಂದ? ನಮ್ಮ ಮಗುವಿನ ತೂಕಕ್ಕೆ ಅದು ಎಷ್ಟಾಗುತ್ತದೆ? ಉತ್ತರ ದೊರೆಯುವವರೆಗೆ ಸಿಂಪಡಣೆಯನ್ನು ತಡೆದು ನಿಲ್ಲಿಸುವುದು ಅಜ್ಞಾನವಲ್ಲ, ವಿವೇಕ.