ನಿಮ್ಮದು ಯಾವ ತಟ್ಟೆ?

(ಶ್ರೀಮಠದ ತಿಂಗಳ ಶಿವಾನುಭವದಲ್ಲಿ ಸರಕಾರಿ ಶಾಲೆಯ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ನಾನು ಭಾಷಣ ಮಾಡುವವಳಲ್ಲ, ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಕಲಿಸುವವಳು. ಪೂಜ್ಯರು ಫೋನು ಮಾಡಿ ಬರಬೇಕೆಂದಾಗ, ‘ಅಪ್ಪಾರ, ವಚನದ ಮೇಲೆ ಮಾತಾಡುವಷ್ಟು ನಾ ಓದಿಲ್ಲ’ ಅಂದೆ. ‘ವಚನದ ಮೇಲೆ ಮಾತಾಡುವವರು ಬೇಕಾದಷ್ಟು ಮಂದಿ ಅದಾರ. ನಿನ್ನ ಕ್ಲಾಸಿನಾಗ ಸೋಮವಾರದಿಂದ ಶನಿವಾರದ ತನಕ ಏನ ನಡೀತದ ಅದನ್ನ ಹೇಳು’ ಅಂದರು. ಹಾಗಾಗಿ ಅದನ್ನೇ ಹೇಳುತ್ತೇನೆ.

ನಾನು ಗದಗ ಜಿಲ್ಲೆಯವಳು. 2009ರಲ್ಲಿ ನೌಕರಿ ಸಿಕ್ಕಿತು, ಜಾಗ ದಕ್ಷಿಣ ಕನ್ನಡ. ನಮ್ಮ ಕಡೆಯ ಎಷ್ಟೋ ಮಂದಿ ಮಾಸ್ತರರು, ಅಕ್ಕೋರು ಅಲ್ಲಿಯ ಶಾಲೆಗಳಲ್ಲಿದ್ದಾರೆ. ಮೊದಲು ಬೆಳ್ತಂಗಡಿ ತಾಲೂಕು, ಚಾರ್ಮಾಡಿ ಘಟ್ಟದ ಬುಡ. ಆಮೇಲೆ ಬಂಟ್ವಾಳ. ಈಗ ಮೂಡುಬಿದಿರೆ. ಊರಿನವರಿಗೆ ‘ಬೆಳ್ತಂಗಡಿ’ ಅಂದರೆ ತಿಳಿಯುತ್ತಿರಲಿಲ್ಲ. ‘ಧರ್ಮಸ್ಥಳದ ತಾಲೂಕು’ ಅಂದ ಕೂಡಲೆ, ‘ಹಂಗಾದ್ರ ದಿನಾ ದರ್ಶನ ಆಕ್ಕತಿ ಬಿಡವಾ’ ಅನ್ನುತ್ತಿದ್ದರು.

ನನ್ನ ನೌಕರಿಯೂ ನಲಿಕಲಿಯೂ ಒಟ್ಟಿಗೇ ಶುರುವಾದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. 2009ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಸಣ್ಣ ತರಗತಿಗಳಿಗೆ ಬಂತು. ನೀವು ನಾವು ಕಲಿತಂತೆ ಸಾಲು ಬೆಂಚಿಲ್ಲ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಅ ಆ ಇ ಈ ಇಂದ ಆರಂಭವೂ ಇಲ್ಲ. ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದ ಅಕ್ಷರಗಳಿಂದ ಆರಂಭ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ಅದರ ಕಾರ್ಡು ತೆಗೆದುಕೊಂಡು, ಆ ಕಾರ್ಡಿನ ಚಿತ್ರ ಯಾವ ತಟ್ಟೆಯಲ್ಲಿದೆಯೋ ಅಲ್ಲಿ ಹೋಗಿ ಕೂರಬೇಕು. ತಟ್ಟೆ ಅಂದರೆ ಗುಂಪು. ಒಟ್ಟು ಐದು. ಒಂದನೆಯದರಲ್ಲಿ ಶಿಕ್ಷಕಿ ಪಕ್ಕದಲ್ಲೇ ಕೂತು ಕಲಿಸಬೇಕು, ಎರಡನೆಯದರಲ್ಲಿ ಅರ್ಧ ಸಹಾಯ, ಮೂರು ಮತ್ತು ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡಬೇಕು, ಐದರಲ್ಲಿ ಮಗು ತಾನೇ ಕಲಿಯಬೇಕು. ಇವತ್ತು ಒಂದನೇ ತಟ್ಟೆಯಲ್ಲಿದ್ದವನು ನಾಳೆ ಮೂರರಲ್ಲಿ, ನಾಡಿದ್ದು ಮತ್ತೆ ಒಂದರಲ್ಲಿ. ಖಾಯಂ ಜಾಗ ಯಾರಿಗೂ ಇಲ್ಲ. ಈ ತಟ್ಟೆಯ ವಿಷಯ ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಸೋಮವಾರ ಅಂದರೆ ಅರ್ಧ ಮಕ್ಕಳಿಗೆ ನಿದ್ದೆ. ದೀಪಾವಳಿ ಕಳೆದ ಮೇಲಂತೂ ಭಾನುವಾರ ರಾತ್ರಿ ಎಲ್ಲೋ ಯಕ್ಷಗಾನ, ಎಲ್ಲೋ ಕೋಲ. ಹಾಜರಿ ಕರೆಯುವಾಗ ಒಬ್ಬ ‘ಬಂದಿದ್ದೇನೆ’ ಅಂದು ಗೋಡೆಗೆ ಒರಗಿ ಮಲಗಿಯೇಬಿಡುತ್ತಾನೆ. ಬಯ್ಯುವುದಿಲ್ಲ. ಆಟದಲ್ಲಿ ಏನು ನೋಡಿದಿ ಅಂತ ಕೇಳಿದರೆ ಆ ವಾರದ ಕಥೆ ಹೇಳುವ ಪಾಠ ಮುಗಿದಂತೆ. ಮಳೆಗಾಲದಲ್ಲಿ ವಾರವೇ ಬೇರೆ. ಹವಾಮಾನದ ಚಾರ್ಟಿನಲ್ಲಿ ನಮ್ಮ ಕಡೆ ಮಕ್ಕಳು ಸೂರ್ಯನನ್ನು ಬರೆದು ಬರೆದು ಬೇಸತ್ತರೆ, ಇಲ್ಲಿ ಜೂನ್ ತಿಂಗಳಿಡೀ ಮಳೆಯೇ. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ತುಂಬಿಸಬೇಕು. ಶನಿವಾರ ಮಧ್ಯಾಹ್ನ ಶಾಲೆ ಅಂದರೆ ಮಕ್ಕಳ ಮುಖ ನೋಡಬೇಕು ನೀವು.

ಬೆಳ್ತಂಗಡಿಯ ಮೊದಲ ವರುಷದ ಒಂದು ತಪ್ಪು ಹೇಳುತ್ತೇನೆ. ಒಂದನೆಯ ತರಗತಿಯ ಹುಡುಗಿಯೊಬ್ಬಳು ಬಂದು ‘ಟೀಚರ್, ಬಂಜಿ ಬೇನೆ’ ಅಂದಳು. ಬೇನೆ ತಿಳಿಯಿತು, ನಮ್ಮಲ್ಲಿ ಬ್ಯಾನಿ ಅಂತೇವಲ್ಲ. ಬಂಜಿ? ಕನ್ನಡದ ಬಂಜೆ ನೆನಪಾಗಿ ನನಗೆ ನಗು ಬಂತು. ನಕ್ಕೆ. ಮಗು ಸುಮ್ಮನೆ ಹೋಗಿ ಕೂತಿತು, ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಿತು. ತುಳುವಿನಲ್ಲಿ ಬಂಜಿ ಅಂದರೆ ಹೊಟ್ಟೆ. ಆ ಹುಡುಗಿ ಮತ್ತೆ ಒಂದು ತಿಂಗಳು ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಪ್ರಗತಿಯ ಪುಸ್ತಕದಲ್ಲಿ ನಾನು ‘ಮಾತನಾಡುವುದಿಲ್ಲ, ನಿಧಾನ ಕಲಿಕೆ’ ಅಂತ ಬರೆದುಬಿಟ್ಟಿದ್ದೆ. ನಿಧಾನ ಯಾರದಾಗಿತ್ತು? ಶರಣರು ಜನರ ನುಡಿಯಲ್ಲಿ ಮಾತಾಡಿದರು ಎಂದು ನಾವು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ನನ್ನ ಎದುರು ಕೂತ ಜನರ ನುಡಿ ತುಳು, ಬ್ಯಾರಿ, ಕೊಂಕಣಿ. ಕನ್ನಡ ಅವರಿಗೆ ಶಾಲೆಯ ಭಾಷೆ. ಅವತ್ತಿನಿಂದ ನಾನು ಒಂದು ನೋಟ್‌ಬುಕ್ಕು ಇಟ್ಟೆ. ಪುಚ್ಚೆ ಅಂದರೆ ಬೆಕ್ಕು, ಪೆತ್ತ ಅಂದರೆ ಆಕಳು, ಬರ್ಸ ಅಂದರೆ ಮಳೆ, ಇಜ್ಜಿ ಅಂದರೆ ಇಲ್ಲ. ಮಕ್ಕಳು ನನಗೆ ಕಾರ್ಡು ತೋರಿಸಿ ಪರೀಕ್ಷೆ ಮಾಡುತ್ತಿದ್ದರು, ತಪ್ಪಿದರೆ ಕೈ ತಟ್ಟಿ ನಗುತ್ತಿದ್ದರು. ಆ ಹುಡುಗಿಯೂ ನಕ್ಕಳು.

ಇನ್ನು ಬಂಟ್ವಾಳದ ಮಾತು. ಪಂಜೆ ಮಂಗೇಶರಾಯರು ಹುಟ್ಟಿದ ಊರು ಅದು, 1874ರಲ್ಲಿ. ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿ, ಮಕ್ಕಳಿಗೆ ಏನು ಹಿಡಿಸುತ್ತದೆ ಎಂದು ಅರಿತು ಬರೆದವರು. 1934ರಲ್ಲಿ ನಮ್ಮ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬಂದು ಆಗ ಹನ್ನೊಂದು ವರುಷವಾಗಿತ್ತು. ಇರಲಿ, ನಾನು ಹೇಳಬೇಕಾದ್ದು ಬೇರೆ.

ಕೊರೋನಾ ಕಳೆದು 2021ರ ಅಕ್ಟೋಬರಿನಲ್ಲಿ ಸಣ್ಣ ಮಕ್ಕಳ ಶಾಲೆ ತೆರೆಯಿತಲ್ಲ, ಅದರ ಮುಂದಿನ ವರುಷ. ನನ್ನ ತರಗತಿಯಲ್ಲಿ ಕೊರಗರ ಕಾಲನಿಯ ಒಂದು ಹುಡುಗಿ, ಎರಡನೆಯ ತರಗತಿ. ಕೊರಗರು ಅಲ್ಲಿಯ ಆದಿಮ ಬುಡಕಟ್ಟು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವುದು ಅವರ ಕಸುಬು. ನಮ್ಮ ಮೇದರ ಕೇತಯ್ಯನ ಕಾಯಕ ಅಂದುಕೊಳ್ಳಿರಿ. ಆ ಸೀಮೆಯಲ್ಲಿ ಅಜಲು ಎಂಬ ಪದ್ಧತಿ ಇತ್ತು. ಬೇರೆಯವರ ರೋಗ, ದೋಷ ಹೋಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದೂ ಅದರಲ್ಲಿ ಸೇರಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಸರಕಾರ ಕಾಯ್ದೆಯನ್ನೇ ಮಾಡಬೇಕಾಯಿತು. ಹನ್ನೆರಡನೆಯ ಶತಮಾನದ ಮಾತಲ್ಲ ಇದು, ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದ್ದು.

ಒಂದು ಬುಧವಾರ ಮೂರನೇ ತಟ್ಟೆಯಲ್ಲಿ ಈ ಹುಡುಗಿಯೂ, ಅಡಿಕೆ ತೋಟದ ಮನೆಯ ಮೂರನೆಯ ತರಗತಿಯ ಹುಡುಗನೂ ಎದುರುಬದುರು ಕೂತಿದ್ದರು. ಕಳೆಯುವ ಲೆಕ್ಕ, 42ರಲ್ಲಿ 17. ಎರಡರಲ್ಲಿ ಏಳು ಹೋಗುವುದಿಲ್ಲ, ಅವನು ಅಲ್ಲೇ ನಿಂತುಬಿಟ್ಟಿದ್ದ. ನಾವು ಹತ್ತರ ಲೆಕ್ಕಕ್ಕೆ ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಇಟ್ಟಿರುತ್ತೇವೆ. ಅವನ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಹುಡುಗಿ ಸುಮ್ಮನೆ ಕೈ ಚಾಚಿ ಒಂದು ಕಟ್ಟಿನ ದಾರ ಎಳೆದಳು. ಹತ್ತು ಕಡ್ಡಿ ಚದುರಿದವು. ‘ಈಗ ತೆಗಿ’ ಅಂದಳು. ಅವನು ಹನ್ನೆರಡು ಎಣಿಸಿದ, ಏಳು ತೆಗೆದ, ಉಳಿದ ಮೂರು ಕಟ್ಟಿನಲ್ಲಿ ಒಂದು ತೆಗೆದ, 25 ಅಂತ ಬರೆದ. ನಾನು ಮೂರು ದಿನ ಹಲಗೆಯ ಮೇಲೆ ‘ದಶಕ ತಗೋ, ದಶಕ ತಗೋ’ ಅಂತ ಹೇಳಿ ಆಗದಿದ್ದದ್ದು ಒಂದು ದಾರ ಎಳೆದದ್ದಕ್ಕೆ ಆಯಿತು. ಬುಟ್ಟಿ ಹೆಣೆಯುವ ಮನೆಯ ಮಗು. ಕಟ್ಟುವುದು, ಬಿಚ್ಚುವುದು ಕೈಗೇ ಗೊತ್ತು.

ಅಷ್ಟರಲ್ಲಿ ಊಟದ ಗಂಟೆ. ಮಕ್ಕಳು ಕೈ ತೊಳೆದು ಜಗಲಿಗೆ ಓಡಿದರು. ಹುಡುಗ ಜಗಲಿಯ ಈ ತುದಿಗೆ ಕೂತ, ಹುಡುಗಿ ಆ ತುದಿಗೆ. ನಡುವೆ ಉಳಿದವರು, ಕಾಲನಿಯವರು ಕಾಲನಿಯವರ ಹತ್ತಿರ, ತೋಟದವರು ತೋಟದವರ ಹತ್ತಿರ. ಯಾರೂ ಹೇಳಿರಲಿಲ್ಲ. ಎಷ್ಟು ವರುಷದಿಂದ ಹಾಗೇ ಕೂರುತ್ತಿದ್ದರೋ, ನನ್ನ ಕಣ್ಣಿಗೆ ಬಿದ್ದದ್ದು ಅವತ್ತು. ಆ ಊಟದ ಹೆಸರು ಏನು? ಅಕ್ಷರ ದಾಸೋಹ. 2002ರಲ್ಲಿ ನಮ್ಮ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದಾಗ ಸರಕಾರ ನಮ್ಮ ಶರಣರ ಮಾತನ್ನೇ ತಂದು ಇಟ್ಟ ಹೆಸರು. ಹೆಸರು ದಾಸೋಹ, ಕೂತದ್ದು ಪಂಕ್ತಿಭೇದ.

ಮರುದಿನ ಊಟಕ್ಕೆ ಮುಂಚೆ ಮಕ್ಕಳಿಗೆ ಹೇಳಿದೆ, ‘ಪಾಠದಲ್ಲಿ ಯಾವ ತಟ್ಟೆಯೋ ಊಟಕ್ಕೂ ಅದೇ ತಟ್ಟೆ.’ ಮಕ್ಕಳಿಗೆ ಇದೊಂದು ಆಟವಾಯಿತು. ಊಟದ ತಟ್ಟೆ ಹಿಡಿದುಕೊಂಡು ‘ಮೂರನೇ ತಟ್ಟೆ ಇಲ್ಲಿ, ಐದನೇ ತಟ್ಟೆ ಇಲ್ಲಿ’ ಅಂತ ಕೂಗುತ್ತ ಕೂತರು. ದೊಡ್ಡವರಿಗೆ ಆಟವಾಗಲಿಲ್ಲ. ಎರಡು ದಿನ ಬಿಟ್ಟು ಹುಡುಗನ ಅಜ್ಜಿ ಬಂದರು. ಒಳ್ಳೆಯ ಹೆಂಗಸು, ಶಾಲೆಗೆ ತರಕಾರಿ ಕೊಡುವವರು, ಗಟ್ಟಿ ಮಾತಿಲ್ಲ. ‘ಕಲಿಯುವುದು ಒಟ್ಟಿಗೆ ಕಲಿಯಲಿ ಟೀಚರ್, ನಾನು ಬೇಡ ಹೇಳುವುದಿಲ್ಲ. ಊಟಕ್ಕೆ ಮಾತ್ರ ಅವನನ್ನು ಈಚೆ ಕೂರಿಸಿ’ ಅಂದರು. ನಾನು, ‘ಕೂರಿಸುವವಳು ನಾನಲ್ಲ ಅಮ್ಮ, ಕಾರ್ಡು. ಅವನು ನಾಳೆ ಐದನೇ ತಟ್ಟೆಗೆ ಹೋದರೆ ಅಲ್ಲಿ ಕೂರುತ್ತಾನೆ’ ಅಂದೆ. ಜಾಣ ಉತ್ತರ ಕೊಟ್ಟೆ ಅಂತ ಒಳಗೆ ಹಿಗ್ಗು. ಹುಡುಗ ಎರಡು ವಾರ ಮನೆಯಿಂದ ಬುತ್ತಿ ತಂದ. ಕೂರುವುದು ಮಾತ್ರ ತನ್ನ ತಟ್ಟೆಯಲ್ಲೇ. ಪಾಯಸ ಮಾಡಿದ ದಿನ ಬುತ್ತಿ ಚೀಲದಲ್ಲೇ ಉಳಿಯಿತು, ಆಮೇಲೆ ತರುವುದೂ ನಿಂತಿತು. ಅಜ್ಜಿ ತರಕಾರಿ ಕಳಿಸುವುದನ್ನು ನಿಲ್ಲಿಸಿದರು, ಅದೂ ನಿಜ. ಆ ವರುಷ ಪೂರ್ತಿ ಬರಲಿಲ್ಲ.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಶುಕ್ರವಾರ ಒಂದನೆಯ ತರಗತಿಯ ಗಿಡ್ಡ ಹುಡುಗನೊಬ್ಬ ನಾನು ಆಫೀಸು ಕೋಣೆಗೆ ಹೋಗುವಾಗ ಅಡ್ಡ ಬಂದು ಕೇಳಿದ, ‘ಟೀಚರ್, ನಿಮ್ಮದು ಯಾವ ತಟ್ಟೆ?’

ನಾನು ಮನೆಯಿಂದ ಡಬ್ಬಿ ತಂದು ಒಳಗೆ ಒಬ್ಬಳೇ ಉಣ್ಣುತ್ತಿದ್ದೆ. ಕೇಳಿದವರಿಗೆ, ‘ನಮಗ ರೊಟ್ಟಿ ಇಲ್ಲದ ಊಟ ಸೇರೂದಿಲ್ಲ’ ಅಂತ ಹೇಳುತ್ತಿದ್ದೆ. ಪೂಜ್ಯರ ಮುಂದೆ ಸುಳ್ಳು ಬೇಡ. ರೊಟ್ಟಿ ನೆಪ. ಅಡುಗೆ ಯಾರು ಮಾಡಿದ್ದಾರೆ, ಪಾತ್ರೆ ಯಾವುದು ಎಂಬುದು ನನ್ನ ಒಳಗೆ ಇತ್ತು. ಇಷ್ಟಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿದವಳು ನಾನು. ಬಂದವರನ್ನು ಯಾರವನೆಂದು ಕೇಳಬಾರದೆಂಬ ಬಸವಣ್ಣನವರ ವಚನವನ್ನು ಐದನೆಯ ವಯಸ್ಸಿಗೆ ಬಾಯಿಪಾಠ ಹೇಳಿ ಇಂಥ ಒಂದು ಮಠದಲ್ಲೇ ಬಹುಮಾನ ಪಡೆದವಳು.

ಮೊಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲೆಯಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ನಮ್ಮ ಕೆಲವು ಪೂಜ್ಯರು ವಿರೋಧಿಸಿದ್ದರು. ನಾನೂ ಮನಸ್ಸಿನಲ್ಲಿ ಅದೇ ಕಡೆ ಇದ್ದೆ. ಆಮೇಲೆ ನಮ್ಮ ಶಾಲೆಗೂ ಬಂತು. ಬೇಡವೆಂದವರಿಗೆ ಆಗ ಬಾಳೆಹಣ್ಣು ಇಲ್ಲವೆ ಶೇಂಗಾ ಚಿಕ್ಕಿ ಇತ್ತು. ನನ್ನ ಕಣ್ಣಾರೆ ಕಂಡದ್ದು ಇಷ್ಟು: ಮೊಟ್ಟೆ ತಿನ್ನುವವನೂ ಚಿಕ್ಕಿ ತಿನ್ನುವವನೂ ಒಂದೇ ತಟ್ಟೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಜಗಳವಿಲ್ಲದೆ ತಿನ್ನುತ್ತಿದ್ದರು. ಕಾಲನಿಯ ಮಕ್ಕಳು ಮೊಟ್ಟೆಯ ದಿನ ತಪ್ಪಿಸುವುದಿಲ್ಲ. ನಾನು ಈಗಲೂ ಮೊಟ್ಟೆ ಮುಟ್ಟುವುದಿಲ್ಲ. ಆದರೆ ಅದಕ್ಕೆ ಬೇರೆ ಕೋಣೆ ಬೇಕಾಗಿಲ್ಲ ಅನ್ನುವುದು ನನಗೆ ಅಲ್ಲಿ ತಿಳಿಯಿತು. ಇಲ್ಲಿ ಕೂತ ಕೆಲವರಿಗೆ ಈ ಮಾತು ಹಿಡಿಸದೆ ಇರಬಹುದು, ಕ್ಷಮಿಸಿರಿ.

ಆ ಹುಡುಗನಿಗೆ ‘ನಾಳೆ ಹೇಳುತ್ತೇನೆ’ ಅಂದೆ. ನಾಳೆ ಶನಿವಾರ, ಅರ್ಧ ದಿನ. ಭಾನುವಾರ ಕಳೆಯಿತು. ಸೋಮವಾರ ಡಬ್ಬಿ ತರಲಿಲ್ಲ. ಅಡುಗೆಯ ಅಕ್ಕನ ಹತ್ತಿರ ತಟ್ಟೆ ತಗೊಂಡು ಜಗಲಿಗೆ ಬಂದು ನಿಂತರೆ ಮಕ್ಕಳಲ್ಲಿ ಗಲಾಟೆ, ‘ಟೀಚರ್ ಯಾವ ತಟ್ಟೆ, ಟೀಚರ್ ಯಾವ ತಟ್ಟೆ.’ ಕೊನೆಗೆ ಆ ಕೊರಗರ ಹುಡುಗಿಯೇ ತೀರ್ಮಾನ ಹೇಳಿದಳು, ‘ಟೀಚರ್‌ಗೆ ತುಳು ಸರಿ ಬರುವುದಿಲ್ಲ, ಒಂದನೇ ತಟ್ಟೆ.’ ಒಂದನೇ ತಟ್ಟೆಯಲ್ಲಿ ಕೂತೆ. ಅನ್ನ, ಸಾರು. ಬಿಸಿ ಇತ್ತು.

ಈಗ ಮೂಡುಬಿದಿರೆಯಲ್ಲಿದ್ದೇನೆ. ಮಕ್ಕಳು ಕಡಿಮೆ, ಸುತ್ತಲೂ ದೊಡ್ಡ ದೊಡ್ಡ ಶಾಲೆಗಳ ಹಳದಿ ಬಸ್ಸು. ಬೆಳಿಗ್ಗೆ ಪ್ರಾರ್ಥನೆಯ ಜೊತೆ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಸಣ್ಣವರಿಗೆ ‘ಭ್ರಾತೃತ್ವ’ ಬಾಯಿಗೆ ಬರುವುದಿಲ್ಲ, ‘ಬಾತೃತ್ವ’ ಅನ್ನುತ್ತಾರೆ. ಊಟಕ್ಕೆ ಇಲ್ಲಿಯೂ ಅದೇ ತಟ್ಟೆಯ ಲೆಕ್ಕ ನಡೆಸಿದ್ದೇನೆ.

ಒಂದೇ ಮಾತು, ಮುಗಿಸುತ್ತೇನೆ. ಇವತ್ತು ಮಧ್ಯಾಹ್ನ ಇಲ್ಲಿ ಪ್ರಸಾದಕ್ಕೆ ಹೋದಾಗ ಕಾರ್ಯಕರ್ತ ಅಣ್ಣನವರು ಬಹಳ ಪ್ರೀತಿಯಿಂದ, ‘ಅಕ್ಕಾರ, ನಿಮಗ ಒಳಗ ವ್ಯವಸ್ಥಾ ಮಾಡೇವಿ’ ಅಂತ ಅತಿಥಿಗಳ ಕೋಣೆಗೆ ಕರೆದುಕೊಂಡು ಹೋದರು. ಟೇಬಲ್ಲು, ಕುರ್ಚಿ, ಸ್ಟೀಲಿನ ಲೋಟ. ಹೊರಗೆ ಹಾಲಿನಲ್ಲಿ ನೀವೆಲ್ಲ ಕೂತಿದ್ದಿರಿ. ಬೇಡವೆನ್ನಲು ಬಾಯಿ ಬರಲಿಲ್ಲ, ಒಳಗೇ ಉಂಡೆ. ಆ ಗಿಡ್ಡ ಹುಡುಗ ನನ್ನ ಎದುರು ನಿಂತಂತೆಯೇ ಇತ್ತು. ರಾತ್ರಿಯ ಪ್ರಸಾದಕ್ಕೆ ನಾನು ಹೊರಗಿನ ಸಾಲಿಗೆ ಬರುತ್ತೇನೆ, ಅಣ್ಣನವರು ಬೇಸರ ಮಾಡಿಕೊಳ್ಳಬಾರದು. ಸ್ವಲ್ಪ ಬೇಗ ಬಡಿಸಿದರೆ ಉಪಕಾರ. ಮಂಗಳೂರಿನ ಬಸ್ಸು ಹಿಡಿಯಬೇಕು, ನಾಳೆ ಸೋಮವಾರ, ಹಾಜರಿ ಕರೆಯಬೇಕು.